ಬಿಯರ್ಡೆಡ್ ಡ್ರ್ಯಾಗನ್ ಟ್ಯಾಂಕಲ್ಲಿ ಮರಳು ಹಾಕ್ಬೋದಾ?

ಪ್ರಶ್ನೆ: ಮಗ ತುಂಬಾ ಹಠ ಮಾಡಿದ ಅಂತ ಬಿಯರ್ಡೆಡ್ ಡ್ರ್ಯಾಗನ್ ಅನ್ನೋ ಓತಿಕ್ಯಾತದಂಥ ಪ್ರಾಣಿ ಮರಿ ಒಂದು ತಂದಿದೀವಿ, ಈಗ ಮೂರು ತಿಂಗಳು ಅದಕ್ಕೆ. ಅಂಗಡಿಯವ್ರು ಇದು ಮರುಭೂಮಿ ಪ್ರಾಣಿ, ಹೊಟ್ಟೆಗೆ ಹೋದ್ರೂ ಕರಗುತ್ತೆ ಅಂತ ಕ್ಯಾಲ್ಸಿಯಂ ಮರಳು ಕೊಟ್ರು. ಹುಳ ಹಿಡಿಯೋವಾಗ ಬಾಯಿಗೆ ಮರಳೂ ಹೋಗ್ತಿದೆ, ಭಯ ಆಗ್ತಿದೆ. ಏನು ಹಾಸ್ಲಿ?
- ಓದುಗರು, ಡಲ್ಲಾಸ್

ಉತ್ತರ: ಮರಳನ್ನ ಇವತ್ತೇ ತೆಗೆದುಬಿಡಿ ಮೇಡಂ, ನಿಮ್ಮ ಭಯ ಸರಿಯಾಗೇ ಇದೆ. ನಮ್ಮೂರ ಬೇಲಿ ಮೇಲೆ ತಲೆ ಆಡಿಸ್ತಾ ಕೂತಿರುತ್ತಲ್ಲ ಓತಿಕ್ಯಾತ, ಅದೇ ಕುಟುಂಬದ್ದು ಇದು, ಆಸ್ಟ್ರೇಲಿಯಾದ ಒಳನಾಡಿಂದು. ಅಲ್ಲಿ ಇದು ಹೆಚ್ಚಾಗಿ ಓಡಾಡೋದು ಗಟ್ಟಿ ಮಣ್ಣು, ಕಲ್ಲು, ಒಣಗಿದ ಮರದ ಕೊಂಬೆ ಮೇಲೆ, ಕಾಲು ಹೂತುಹೋಗೋ ಸಡಿಲ ಮರಳಲ್ಲಿ ಅಲ್ಲ. ಮರುಭೂಮಿ ಅಂದ್ರೆ ಮರಳು ಅಂತ ಅಂದ್ಕೊಂಡೇ ಎಲ್ರೂ ಮರಳು ಸುರಿಯೋದು.

ಒಂದ್ಸಲ ಹತ್ತಿರ ಕೂತು ನೋಡಿ, ಇದು ಹುಳಾನ ಹಲ್ಲಲ್ಲಿ ಕಚ್ಚೋಕೆ ಮುಂಚೆ ನಾಲಿಗೆ ಚಾಚುತ್ತೆ, ದಪ್ಪ ಅಂಟಂಟು ನಾಲಿಗೆ, ನೆಲಕ್ಕೆ ತಾಗಿದ್ರೆ ಅಲ್ಲಿರೋದೆಲ್ಲ ಅಂಟ್ಕೊಂಡು ಒಳಗೆ ಹೋಗುತ್ತೆ. ಕ್ಯಾಲ್ಸಿಯಂ ಮರಳು ನೀರು ಬಿದ್ರೆ ಗಟ್ಟಿಯಾಗಿ ಉಂಡೆ ಕಟ್ಟುತ್ತೆ, ಮರಿ ಕರುಳು ಸಣ್ಣದು, ಅಲ್ಲಿ ಸಿಕ್ಕಾಕೊಂಡ್ರೆ ಪ್ರಾಣಕ್ಕೇ ಅಪಾಯ. ವಾಲ್‌ನಟ್ ಸಿಪ್ಪೆ ಪುಡಿ, ಮರದ ಚಕ್ಕೆ ಇವೂ ಬೇಡ, ಅದ್ರಲ್ಲೂ ಸೀಡರ್ ಮರದ ಹೊಟ್ಟಂತೂ ಬೇಡ್ವೇ ಬೇಡ, ಅದ್ರ ಘಾಟು ಎಣ್ಣೆ ಶ್ವಾಸಕ್ಕೆ ತೊಂದ್ರೆ ಕೊಡುತ್ತೆ.

ಸದ್ಯಕ್ಕೆ ಪೇಪರ್ ಟವೆಲ್ ಹಾಸಿ ಸಾಕು. ನೋಡೋಕೆ ಚೆನ್ನಾಗಿರಲ್ಲ ಅಂತ ಮಗ ಮುಖ ಊದಿಸ್ಕೋಬೋದು, ಆದ್ರೆ ದಿನಾ ಕಕ್ಕ ಮಾಡ್ತಾ ಇದೆಯಾ, ಹೇಗಿದೆ ಅನ್ನೋದು ಅದ್ರ ಮೇಲೆ ಸ್ಪಷ್ಟವಾಗಿ ಗೊತ್ತಾಗುತ್ತೆ, ಮರಿಗಳಲ್ಲಿ ಅದು ಬಹಳ ಮುಖ್ಯ. ಸ್ವಲ್ಪ ದೊಡ್ಡದಾದ್ಮೇಲೆ ಟೈಲ್ಸ್ ಹಾಕಿ. ನುಣುಪು ಟೈಲ್ಸ್ ತಗೋಬೇಡಿ, ಕಾಲು ಜಾರುತ್ತೆ, ಕಡಪಾ ಕಲ್ಲಿನ ಥರ ಒರಟಾಗಿರೋ ಸ್ಲೇಟ್ ಕಲ್ಲಿನ ಟೈಲ್ಸ್ ಸಿಗುತ್ತೆ, ಅದು ಬಿಸಿ ಹಿಡ್ಕೊಳುತ್ತೆ, ಉಗುರು ತಾನಾಗೇ ಸವೆಯುತ್ತೆ, ಒರೆಸೋದೂ ಸುಲಭ. ನನ್ನ ಓಟು ಇದಕ್ಕೇ. ಬೆಳೆದ, ಆರೋಗ್ಯವಾಗಿರೋ ಪ್ರಾಣಿಗೆ ಗೊಬ್ಬರ ಬೆರೆಸದ ಮಣ್ಣು ಜಾಸ್ತಿ, ತೊಳೆದ ಮರಳು ಕಮ್ಮಿ ಹಾಕಿ, ಒದ್ದೆ ಮಾಡಿ ತಟ್ಟಿ ಗಟ್ಟಿಯಾಗಿ ಒಣಗಿಸಿ ಹಾಸೋರೂ ಇದಾರೆ, ಅದು ಪರ್ವಾಗಿಲ್ಲ, ಆದ್ರೆ ಈಗ್ಲೇ ಬೇಡ. ಹೆಣ್ಣಾಗಿದ್ರೆ ದೊಡ್ಡದಾದ್ಮೇಲೆ ಗಂಡು ಇಲ್ದಿದ್ರೂ ಮೊಟ್ಟೆ ಇಡಬೋದು, ಆಗ ತೋಡೋಕೆ ಒಂದು ಡಬ್ಬದಲ್ಲಿ ಒದ್ದೆ ಮಣ್ಣು ಇಡಬೇಕಾಗುತ್ತೆ, ನೆನಪಿರ್ಲಿ.

ಹಾಸೋದೊಂದನ್ನ ಸರಿ ಮಾಡಿದ್ರೆ ಸಾಲ್ದು. ಬಿಸಿ ಕಾಯಿಸ್ಕೊಳೋ ಜಾಗ 100-105 ಡಿಗ್ರಿ ಫ್ಯಾರನ್‌ಹೀಟ್ ಇಲ್ದಿದ್ರೆ ತಿಂದಿದ್ದು ಅರಗಲ್ಲ, ಯುವಿಬಿ ಲೈಟ್ (ಬಿಸಿಲಲ್ಲಿರೋ ಥರದ ಅತಿನೇರಳೆ ಕಿರಣ ಕೊಡೋ ದೀಪ) ಇಲ್ದಿದ್ರೆ ಕ್ಯಾಲ್ಸಿಯಂ ಮೈಗೆ ಹತ್ತಲ್ಲ, ಇವೆರಡೂ ಕೆಟ್ರೆ ಪೇಪರ್ ಮೇಲಿದ್ರೂ ಕರುಳು ಕಟ್ಕೋಬೋದು.

ಈಗಾಗ್ಲೇ ಮರಳು ತಿಂದಿರೋದ್ರಿಂದ ಕಣ್ಣಿಟ್ಟಿರಿ. ಕಕ್ಕ ನಿಂತುಹೋದ್ರೆ, ಹೊಟ್ಟೆ ಊದಿದ್ರೆ, ತಿನ್ನೋದು ಬಿಟ್ರೆ, ಹಿಂಗಾಲು ಎಳೀತಾ ನಡೆದ್ರೆ ಮನೇಲಿ ಹರಳೆಣ್ಣೆ ಗಿರಳೆಣ್ಣೆ ಕುಡಿಸೋಕೆ ಹೋಗ್ಬೇಡಿ, ಸರೀಸೃಪ ನೋಡೋ ಡಾಕ್ಟ್ರ ಹತ್ರ ಆವತ್ತೇ ಕರ್ಕೊಂಡ್ಹೋಗಿ ಎಕ್ಸ್‌ರೇ ತೆಗೆಸಿ. ಮತ್ತೆ ಟೈಲ್ಸು, ತಟ್ಟೆ ಇವನ್ನ ಅಡುಗೆಮನೆ ಸಿಂಕಲ್ಲಿ ತೊಳೀಬೇಡಿ, ಈ ಪ್ರಾಣಿಗಳಲ್ಲಿ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರಬೋದು, ಮುಟ್ಟಿದ್ಮೇಲೆ ಮಗ ಸೋಪಲ್ಲಿ ಕೈ ತೊಳ್ಕೊಂಡ್ನಾ ಅಂತ ನೋಡಿ.