ಎತ್ತರದ ಮರದ ಕಟ್ಟಡಕ್ಕೆ ಬೆಂಕಿಗಿಂತ ಗಾಳಿಯ ಚಿಂತೆ ಜಾಸ್ತಿ

ನಾರ್ವೆಯಲ್ಲಿ 18 ಮಹಡಿಯ ಮರದ ಕಟ್ಟಡ ಇದೆಯಂತೆ, ಬೆಂಕಿ ಬಿದ್ದರೆ ಗತಿಯೇನು, ಇಂಥದ್ದನ್ನು ವಿನ್ಯಾಸ ಮಾಡುವಾಗ ನಿಜವಾಗಿ ಕಷ್ಟ ಯಾವುದು ಅಂತ ಕೇಳಿದ್ದೀರಿ. ನಾನು ಸ್ಟ್ರಕ್ಚರಲ್ ಇಂಜಿನಿಯರ್. ನನ್ನ ತಲೆ ತಿನ್ನುವುದು ಬೆಂಕಿಗಿಂತ ಗಾಳಿಯೇ.

ನೀವು ಹೇಳಿದ್ದು ಬ್ರುಮುಂದಾಲ್ ಊರಿನ ಮ್ಯೋಸ್ತೋರ್ನೆಟ್. 2019ರಲ್ಲಿ ಮುಗಿಯಿತು, ಎತ್ತರ 85.4 ಮೀಟರ್. ಕಂಬ, ತೊಲೆ, ಓರೆ ಕಟ್ಟು ಎಲ್ಲ ಗ್ಲೂಲ್ಯಾಮ್. ಅಂದರೆ ಹಲಗೆಗಳನ್ನು ಒಂದೇ ದಿಕ್ಕಿಗೆ ಜೋಡಿಸಿ, ಅಂಟು ಹಾಕಿ ಒತ್ತಿದ ಮರ. ಲಿಫ್ಟ್ ಮತ್ತು ಮೆಟ್ಟಿಲ ಸುತ್ತಲ ಗೋಡೆಗಳು ಸಿಎಲ್‌ಟಿ. ಅಂದರೆ ಕ್ರಾಸ್ ಲ್ಯಾಮಿನೇಟೆಡ್ ಟಿಂಬರ್. ಅದರಲ್ಲಿ ಹಲಗೆಗಳ ಒಂದು ಪದರ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ. ಪ್ಲೈವುಡ್‌ನ ದೊಡ್ಡಣ್ಣ ಅನ್ನಿ.

ಮೊದಲು ಬೆಂಕಿಯ ಮಾತು ಮುಗಿಸುತ್ತೇನೆ. ಬಚ್ಚಲೊಲೆಗೆ ಸೌದೆ ಹಾಕಿದವರಿಗೆ ಇದು ಗೊತ್ತಿರುತ್ತದೆ. ಚಕ್ಕೆ ಧಗ್ಗನೆ ಉರಿದು ಹೋಗುತ್ತದೆ, ದಪ್ಪ ಕೊರಡು ಬೇಗ ಮುಗಿಯುವುದಿಲ್ಲ. ಆರಿದ ಕೊರಡನ್ನು ಕತ್ತಿಯಿಂದ ಕೆರೆದು ನೋಡಿ. ಕಪ್ಪು ಇದ್ದಿಲು ಉದುರುತ್ತದೆ, ಅದರಡಿ ತೆಳುವಾದ ಕಂದು ಪದರ, ಆಮೇಲೆ ಗಟ್ಟಿ ಮರ. ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ಗ್ಲೂಲ್ಯಾಮ್ ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್ ಸುಡುತ್ತದೆ ಅಂತ ಲೆಕ್ಕ ಹಿಡಿಯುತ್ತೇವೆ. ಎರಡು ಗಂಟೆಗೆ 84 ಮಿಲಿಮೀಟರ್. ಮ್ಯೋಸ್ತೋರ್ನೆಟ್‌ನ ಮೂಲೆಯ ಕಂಬಗಳು 1485ಕ್ಕೆ 625 ಮಿಲಿಮೀಟರ್. ಎರಡೂ ಬದಿ ಸುಟ್ಟರೂ ನಡುವೆ 457 ಮಿಲಿಮೀಟರ್ ದಪ್ಪ ಉಳಿಯುತ್ತದೆ. ಹಾಗಂತ ಮೈಮರೆಯುವ ಹಾಗಿಲ್ಲ. ಸಿಎಲ್‌ಟಿಯ ಅಂಟು ಬಿಸಿಗೆ ಸೋತರೆ ಸುಟ್ಟ ಪದರ ಕಳಚಿ ಬೀಳುತ್ತದೆ, ಒಳಗಿನ ಹೊಸ ಮರಕ್ಕೆ ಬೆಂಕಿ ತಗಲುತ್ತದೆ. ಅದಕ್ಕೇ ಸ್ಪ್ರಿಂಕ್ಲರ್ ಬೇಕು, ಎಷ್ಟೋ ಕಡೆ ಜಿಪ್ಸಮ್ ಹೊದಿಕೆಯೂ ಬೇಕು.

ಜೋಡಣೆಯಲ್ಲಿ ಸ್ಟೀಲ್ ಇದ್ದೇ ಇರುತ್ತದೆ. ಮರದಲ್ಲಿ ಸೀಳು ಕೊಯ್ದು, ಪ್ಲೇಟನ್ನು ಒಳಗೆ ತೂರಿಸಿ, ಪಿನ್ನುಗಳನ್ನು ಹೊಡೆಯುತ್ತಾರೆ. ಬಿಸಿಗೆ ಬೇಗ ಮೆತ್ತಗಾಗುವುದು ಸ್ಟೀಲೇ. ಹಾಗಾಗಿ ಅದನ್ನು ಮರದ ಒಳಗೇ ಅಡಗಿಸುವುದು.

ಇನ್ನು ಗಾಳಿ. ಮರ ಕಾಂಕ್ರೀಟಿನ ಐದನೇ ಒಂದು ಭಾಗದಷ್ಟೇ ಭಾರ. ಅಡಿಪಾಯಕ್ಕೂ ಭೂಕಂಪಕ್ಕೂ ಅದು ಒಳ್ಳೆಯದೇ. ಆದರೆ ಖಾಲಿ ಜೋಕಾಲಿಯನ್ನು ಒಮ್ಮೆ ತಳ್ಳಿ, ಇಬ್ಬರನ್ನು ಕೂರಿಸಿ ಅಷ್ಟೇ ಜೋರಾಗಿ ಇನ್ನೊಮ್ಮೆ ತಳ್ಳಿ. ಖಾಲಿ ಇದ್ದಾಗ ಎಷ್ಟು ಜೋರಾಗಿ ಚಿಮ್ಮುತ್ತದೆ ಅಲ್ವಾ? ಹಗುರ ಕಟ್ಟಡವೂ ಹಾಗೇ. ಬೀಳುವ ಭಯವಲ್ಲ ಅದು. ಮೇಲಿನ ಮಹಡಿಯಲ್ಲಿ ಮಲಗಿದವರಿಗೆ ತೂಗಾಟ ಗೊತ್ತಾಗುತ್ತದೆ, ಹೊಟ್ಟೆ ತೊಳಸುತ್ತದೆ. ಮನೆ ಅಂದಮೇಲೆ ಹಾಗಾಗಬಾರದು.

ಅದಕ್ಕೆ ಮ್ಯೋಸ್ತೋರ್ನೆಟ್‌ನ ಮೇಲಿನ ಏಳು ಮಹಡಿಗಳ ನೆಲವನ್ನು ಕಾಂಕ್ರೀಟಿನಲ್ಲಿ ಮಾಡಿದರು. ತೂಗಾಟ ಜಾಸ್ತಿ ಇರುವುದು ತುದಿಯಲ್ಲಿ, ಹಾಗಾಗಿ ಭಾರವೂ ಅಲ್ಲೇ ಬೇಕು. ಇದು ಮೋಸ, ಪೂರ್ತಿ ಮರದ್ದಲ್ಲ ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಇಡೀ ಕಟ್ಟಡದ ಭಾರ ಹೊರುವ ಕಂಬಗಳು, ಗಾಳಿಯನ್ನು ತಡೆಯುವ ಓರೆ ಕಟ್ಟುಗಳು ಎಲ್ಲ ಮರವೇ. ಆ ಏಳು ನೆಲಗಳ ಭಾರವನ್ನೂ ಅವೇ ಹೊತ್ತಿವೆ.