ಸೈಬರ್ ದಾಳಿಯಾದಾಗ ಆಸ್ಪತ್ರೆಯ ಯಂತ್ರಗಳು ಓಡುತ್ತಿದ್ದರೂ ಚಿಕಿತ್ಸೆ ಯಾಕೆ ನಿಲ್ಲುತ್ತದೆ? ಸಿಬ್ಬಂದಿ ಹೇಗೆ ನಿಭಾಯಿಸುತ್ತಾರೆ?

ನೀವು ಹೇಳಿದ್ದು ಸರಿ, ಹೆಚ್ಚಿನ ಯಂತ್ರಗಳು ಓಡುತ್ತಲೇ ಇರುತ್ತವೆ. ಕಡಿದುಹೋಗುವುದು ಅವುಗಳ ನಡುವಿನ ಕೊಂಡಿ. ನನ್ನ ಪ್ರಕಾರ ಅದರ ದೊಡ್ಡ ಪೆಟ್ಟು ಬೀಳುವುದು ಲ್ಯಾಬ್‌ಗೆ.

ಮಾಮೂಲಿ ದಿನ ಅನಲೈಸರ್ (ರಕ್ತ ಪರೀಕ್ಷಿಸುವ ಯಂತ್ರ) ಟ್ಯೂಬಿನ ಬಾರ್‌ಕೋಡ್ ಓದುತ್ತದೆ, ಯಾವ ಟೆಸ್ಟ್ ಮಾಡಬೇಕೆಂದು ಸರ್ವರ್‌ನಿಂದ ತಿಳಿದುಕೊಳ್ಳುತ್ತದೆ, ಫಲಿತಾಂಶ ತಾನೇ ವಾರ್ಡಿನ ಪರದೆಗೆ ಹೋಗುತ್ತದೆ. ದಾಳಿಕೋರರು ಸರ್ವರ್ ಲಾಕ್ ಮಾಡಿದರೆಂದರೆ ಟೆಕ್ನಿಷಿಯನ್ ಒಂದೊಂದು ಟ್ಯೂಬಿನ ನಂಬರನ್ನೂ ಟೆಸ್ಟನ್ನೂ ಕೈಯಲ್ಲಿ ಒತ್ತಬೇಕು. ಬಂದ ಪ್ರಿಂಟನ್ನು ರೋಗಿಯ ಹೆಸರಿಗೆ ಹೊಂದಿಸಬೇಕು, ಅದನ್ನು ಯಾರಾದರೂ ಹಿಡಿದುಕೊಂಡು ವಾರ್ಡಿಗೆ ಹೋಗಬೇಕು. ಹಳೆಯ ಫಲಿತಾಂಶದೊಂದಿಗೆ ತಾಳೆ ನೋಡಿ ‘ಸ್ಯಾಂಪಲ್ ಅದಲುಬದಲಾಗಿರಬಹುದು’ ಎಂದು ಎಚ್ಚರಿಸುವ ವ್ಯವಸ್ಥೆಯೂ ಆಗ ಇರುವುದಿಲ್ಲ. ಹಾಗಾಗಿ ತುರ್ತಿನವನ್ನು ಬಿಟ್ಟು ಉಳಿದ ಟೆಸ್ಟ್‌ಗಳನ್ನು ನಿಲ್ಲಿಸುತ್ತಾರೆ. ಪೊಟ್ಯಾಸಿಯಂ ಅಪಾಯದ ಮಟ್ಟದಲ್ಲಿದ್ದರೆ ಫೋನಿನಲ್ಲೇ ತಿಳಿಸುತ್ತಾರೆ. ಕೇಳಿಸಿಕೊಂಡವರು ಹೆಸರು, ನಂಬರ್, ಅಂಕಿ ಮೂರನ್ನೂ ಬರೆದುಕೊಂಡು ತಿರುಗಿ ಓದಿ ಹೇಳಲೇಬೇಕು. ಫೋನ್ ಕೂಡ ಅದೇ ನೆಟ್‌ವರ್ಕ್ ಮೇಲೆ ಇದ್ದರೆ ಅದೂ ಸತ್ತಿರುತ್ತದೆ.

2024ರ ಜೂನ್‌ನಲ್ಲಿ ಲಂಡನ್ನಿನ ಆಸ್ಪತ್ರೆಗಳಿಗೆ ಲ್ಯಾಬ್ ಸೇವೆ ಕೊಡುವ ಸಿನೋವಿಸ್ ಮೇಲೆ ದಾಳಿಯಾದಾಗ ಆಸ್ಪತ್ರೆಗಳ ಸ್ವಂತ ಕಂಪ್ಯೂಟರ್‌ಗಳು ಲಾಕ್ ಆಗಿರಲಿಲ್ಲ. ಆದರೆ ರೋಗಿಯ ರಕ್ತದ ಗುಂಪನ್ನು ಎಂದಿನ ವೇಗದಲ್ಲಿ ಹೊಂದಿಸಿ ನೋಡಲು ಆಗುತ್ತಿರಲಿಲ್ಲ. ಗುಂಪು ಖಚಿತವಿಲ್ಲದಾಗ ಕೊಡಬಹುದಾದದ್ದು ಓ ಗುಂಪಿನ ರಕ್ತ. ಅದರ ಬಳಕೆ ಏರಿ, ದಾನಿಗಳು ಬನ್ನಿ ಎಂದು ಬಹಿರಂಗವಾಗಿ ಮನವಿ ಮಾಡಬೇಕಾಯಿತು.

ವಾರ್ಡಿನಲ್ಲಿ ನನಗೆ ಹೆಚ್ಚು ಆತಂಕ ತರುವುದು ಕೈಬರಹದ ಔಷಧ ಚಾರ್ಟ್. ಅಲರ್ಜಿ ಇದೆ, ಡೋಸ್ ಜಾಸ್ತಿಯಾಯಿತು ಎಂದು ತಡೆಯುವ ಪರದೆ ಇರುವುದಿಲ್ಲ. ಇನ್ಸುಲಿನ್ 10ರ ಪಕ್ಕ ಯುನಿಟ್ ಎಂಬುದಕ್ಕೆ ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಬರೆದರೆ ಅದು ಸೊನ್ನೆಯಂತೆ ಕಂಡು 100 ಆಗಿಬಿಡುತ್ತದೆ. 5.0 ಎಂದು ಬರೆದದ್ದು 50 ಎಂದು ಓದಿಸಿಕೊಳ್ಳುತ್ತದೆ. ಯುನಿಟ್ ಎಂದು ಪೂರ್ತಿ ಬರೆಯಬೇಕು, ಪೂರ್ಣಾಂಕದ ನಂತರ ಬಿಂದು, ಸೊನ್ನೆ ಹಾಕಬಾರದು, ಒಂದಕ್ಕಿಂತ ಕಡಿಮೆಯಿದ್ದರೆ 0.5 ಎಂದು ಸೊನ್ನೆಯಿಂದಲೇ ಶುರುಮಾಡಬೇಕು. ಅಲರ್ಜಿ ಮತ್ತು ತೂಕ ಚಾರ್ಟಿನ ತಲೆಯಲ್ಲೇ ಇರಲಿ. ಪರದೆಯ ಮೇಲೆಯೇ ಕಲಿತ ಕಿರಿಯ ವೈದ್ಯರಿಗೆ ಇದನ್ನು ಮೊದಲೇ ಅಭ್ಯಾಸ ಮಾಡಿಸಿರಬೇಕು.

ಸಿಟಿ ಸ್ಕ್ಯಾನ್ ಆಗುತ್ತದೆ, ಆದರೆ ಚಿತ್ರ ನೋಡಲು ವೈದ್ಯರೇ ಸ್ಕ್ಯಾನರ್ ಬಳಿ ಹೋಗಬೇಕು. ರೇಡಿಯೋಥೆರಪಿಯದು (ಕ್ಯಾನ್ಸರಿನ ವಿಕಿರಣ ಚಿಕಿತ್ಸೆ) ಬೇರೆ ಕಥೆ: ಎಲ್ಲಿಗೆ, ಎಷ್ಟು ವಿಕಿರಣ ಎಂಬ ಪ್ಲಾನ್ ಇರುವುದೇ ಸರ್ವರ್‌ನಲ್ಲಿ, ಅದಿಲ್ಲದೆ ಚಿಕಿತ್ಸೆಯೇ ಇಲ್ಲ.

ಸಿದ್ಧತೆಯಿರುವ ಕಡೆ ಪ್ರತಿ ವಾರ್ಡಿನಲ್ಲೂ ಒಂದು ಪೆಟ್ಟಿಗೆ ಇರುತ್ತದೆ: ಖಾಲಿ ಚಾರ್ಟ್‌ಗಳು, ಮೊದಲೇ ತಾತ್ಕಾಲಿಕ ನಂಬರ್ ಹಾಕಿದ ರಿಸ್ಟ್‌ಬ್ಯಾಂಡ್‌ಗಳು, ಕಾರ್ಬನ್ ಪ್ರತಿಯ ಟೆಸ್ಟ್ ಫಾರಂಗಳು, ಫೋನ್ ಪಟ್ಟಿ. ಜೊತೆಗೆ ರೋಗಿಗಳ ಸಾರಾಂಶ ಆಗಾಗ ಉಳಿಸಿಕೊಳ್ಳುವ ಒಂದು ಕಂಪ್ಯೂಟರ್. ಅದರ ಪ್ರಿಂಟರ್ ಕೇಬಲ್‌ನಲ್ಲಿ ನೇರವಾಗಿ ಜೋಡಿಸಿದ್ದಾಗಿರಲಿ. ನೆಟ್‌ವರ್ಕ್ ಪ್ರಿಂಟರ್ ಆ ದಿನ ಕೈಕೊಡುತ್ತದೆ.

ಇದು ಎರಡು ದಿನದ ಮಾತಲ್ಲ. 2021ರ ಮೇ 14ರಂದು ಐರ್ಲೆಂಡಿನ ಆರೋಗ್ಯ ಸೇವೆಯ ಮೇಲೆ ದಾಳಿ ಮಾಡಿದವರು ಒಂದು ವಾರದೊಳಗೆ ಬೀಗ ತೆರೆಯುವ ಕೀ ಕೊಟ್ಟರೂ ಬಹುತೇಕ ಎಲ್ಲವನ್ನೂ ಸರಿಪಡಿಸಲು ಸೆಪ್ಟೆಂಬರ್ ಆಯಿತು. ವ್ಯವಸ್ಥೆ ಮರಳಿದ ಮೇಲೂ ಕಾಗದದ ರಾಶಿ ಹಾಗೇ ಇರುತ್ತದೆ. ಅಲರ್ಜಿ, ಕೊಟ್ಟ ರಕ್ತ, ಈಗ ನಡೆಯುತ್ತಿರುವ ಔಷಧಗಳನ್ನು ಮೊದಲು ಟೈಪ್ ಮಾಡಿ, ಮಿಕ್ಕಿದ್ದನ್ನು ಸ್ಕ್ಯಾನ್ ಮಾಡಿದರೆ ಸಾಕು. ತಾತ್ಕಾಲಿಕ ನಂಬರನ್ನು ಹಳೆಯ ನಂಬರಿಗೆ ಸೇರಿಸುವಾಗ ಮಾತ್ರ ಇಬ್ಬರು ಕೂತು ಹೆಸರನ್ನೂ ಜನ್ಮದಿನಾಂಕವನ್ನೂ ತಾಳೆ ನೋಡಬೇಕು.