ಮಗಳ ನಾಲ್ಕು ವರ್ಷದ ಓದಿಗೆ ಮಣಿಪಾಲದಲ್ಲಿ ಫ್ಲ್ಯಾಟ್ ಬೇಕಾ?

ಅಡ್ಮಿಷನ್ ಸೀಸನ್ ಶುರುವಾದ್ರೆ ನನಗೆ ಒಂದೇ ಪ್ರಶ್ನೆ ಹತ್ತು ವೇಷ ಹಾಕ್ಕೊಂಡು ಬರ್ತದೆ. ಉಡುಪಿಯಲ್ಲಿ ಜಾಗದ ಪೇಪರ್ ನೋಡುದೇ ನನ್ನ ಕಸುಬು, ಹೇಳಿ ಹೇಳಿ ಬಾಯಿ ಒಣಗಿದೆ. ಇನ್ನು ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸ್ತೇನೆ.

ಪ್ರಶ್ನೆ: ಮಗಳಿಗೆ ಮಣಿಪಾಲದಲ್ಲಿ ಇಂಜಿನಿಯರಿಂಗ್ ಸೀಟ್ ಸಿಕ್ಕಿದೆ. ಬಾಡಿಗೆ ಕಟ್ಟೋ ಬದಲು 40 ಲಕ್ಷಕ್ಕೆ ಒಂದು ಹಳೇ ಫ್ಲ್ಯಾಟ್ ತಗೊಂಡು ಕೋರ್ಸ್ ಮುಗಿದ್ಮೇಲೆ ಮಾರೋಣ ಅಂತಿದ್ದೀವಿ. ಇಸಿ (ಋಣಭಾರ ಪತ್ರ) ಕ್ಲಿಯರ್ ಇದೆ, ಬ್ಯಾಂಕ್ ಲೋನ್ ಕೊಡ್ತಿದೆ. ಸರಿನಾ ಸರ್? (ದಾವಣಗೆರೆಯ ತಂದೆ)

ಮೊದಲು ಲೆಕ್ಕ. ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ 5.6% ಆಗ್ತದೆ, ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ ಕೊನೆಯಿಂದ 2%. 40 ಲಕ್ಷಕ್ಕೆ 3,04,000 ರೂಪಾಯಿ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲಲ್ಲೇ ಹೋಯ್ತು. ಬ್ರೋಕರ್ ಕಮಿಷನ್ ತಗೊಳ್ಳುವಾಗ ಒಮ್ಮೆ, ಮಾರುವಾಗ ಒಮ್ಮೆ. ಲಾಭ ಬಂದ್ರೆ ಅದಕ್ಕೆ 12.5% ಟ್ಯಾಕ್ಸು, ಬಾರದಿದ್ರೆ ಬ್ಯಾಂಕಿನ ಬಡ್ಡಿ ನಿಮ್ಮ ತಲೆ ಮೇಲೆ. ಬಾಡಿಗೆ ಉಳಿಯಿತು ಅಂತ ಖುಷಿ ಪಡುವವರು ಇದನ್ನೆಲ್ಲ ಕೂಡಿಸುದೇ ಇಲ್ಲ.

ಇನ್ನು ಆ "ಬ್ಯಾಂಕ್ ಲೋನ್ ಕೊಟ್ಟಿದೆ ಅಂದ್ರೆ ಪೇಪರ್ ಕ್ಲಿಯರ್" ಅನ್ನುವ ಮಾತು, ಇದನ್ನು ಯಾವ ಬ್ರೋಕರ್ ಹುಟ್ಟಿಸಿದ್ನೋ ನಾ ಕಾಣೆ. ಬ್ಯಾಂಕಿಗೆ ಬೇಕಾದ್ದು ಅದರ ದುಡ್ಡು, ಅದನ್ನು ನಿಮ್ಮ ಸಂಬಳದಿಂದ ವಸೂಲಿ ಮಾಡ್ತದೆ, ಜಾಗದ ತಕರಾರು ನಿಮಗೇ ಉಳಿತದೆ. ಇಸಿಯಲ್ಲಿ ಬರುದು ರಿಜಿಸ್ಟರ್ ಆದ ವ್ಯವಹಾರ ಮಾತ್ರ, ನೆಲದ ಮೇಲೆ ಎಂತ ಉಂಟು ಅಂತ ಅದು ಹೇಳುದಿಲ್ಲ.

ನೆಲ ಅಂದೆ ಅಲ್ವಾ, ಘಟ್ಟದ ಮೇಲಿನವರಿಗೆ ಗೊತ್ತೇ ಇರದ ಒಂದು ಶಬ್ದ ಉಂಟು, ಕುಮ್ಕಿ. ಈ ಕಡೆ ಹಳೇ ವರ್ಗ ಜಾಗಕ್ಕೆ (ಅಂದ್ರೆ ಪಟ್ಟಾ ಜಾಗಕ್ಕೆ) ತಾಗಿ 100 ಗಜದೊಳಗಿನ ಸರ್ಕಾರಿ ನೆಲದಲ್ಲಿ ಕೃಷಿಗೆ ಬೇಕಾದ ಸೊಪ್ಪು, ಮೇವು, ಮರ ತಗೊಳ್ಲಿಕ್ಕೆ ವರ್ಗದಾರರಿಗೆ ಸವಲತ್ತು. ಸವಲತ್ತು ಮಾತ್ರ ಮಾರಾಯ್ರೇ, ಮಾಲೀಕತ್ವ ಸರ್ಕಾರದ್ದೇ! ನನ್ನ ಹತ್ರ ಬಂದ ಒಂದು ಫೈಲು, ಪೇಟೆಯಿಂದ ಸ್ವಲ್ಪ ಹೊರಗಿನ ಅಪಾರ್ಟ್‌ಮೆಂಟು, ಮೂಲಪತ್ರ, ಕನ್ವರ್ಷನ್ (ಕೃಷಿ ಜಾಗ ಮನೆ ಕಟ್ಟಲಿಕ್ಕೆ ಬದಲಾದ ಆದೇಶ), ಎಲ್ಲ ಸುಸೂತ್ರ. ಸರ್ವೆ ನಕ್ಷೆ ಹಿಡ್ಕೊಂಡು ಜಾಗಕ್ಕೆ ಹೋದ್ರೆ ಗಡಿ ಕಲ್ಲು ಬಾವಿಯಿಂದ ಈಚೆಗೆ ಉಂಟು, ಬಾವಿ ಮತ್ತೆ ನಾಲ್ಕು ಕಾರು ನಿಲ್ಲಿಸುವ ಜಾಗ ಕುಮ್ಕಿಯಲ್ಲಿ. ಇಂಟರ್‌ಲಾಕ್ ಹಾಕಿ ಚಂದ ಮಾಡಿದ್ರು ಬೇರೆ. ಪೇಪರ್ ಸುಳ್ಳಲ್ಲ, ಪೇಪರಿನಲ್ಲಿ ಬಾವಿಯೇ ಇರಲಿಲ್ಲ! ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲು ಸರ್ವೆಯವರಿಂದ ಅಳತೆ ಮಾಡಿಸಿ, ಆಕ್ಯುಪೆನ್ಸಿ ಸರ್ಟಿಫಿಕೇಟ್ (ಕಟ್ಟಡ ವಾಸಕ್ಕೆ ಸರಿ ಉಂಟು ಅನ್ನುವ ಪತ್ರ) ಕೇಳಿ, ಮನೆ ನಂಬರ್ ಬಂದಿದೆ ಅಂದ್ರೆ ಸಾಕು ಅನ್ನುವವನ ಹತ್ರ ವ್ಯವಹಾರವೇ ಬೇಡ.

ನೀರು ಇನ್ನೊಂದು. ಮಣಿಪಾಲ ಇರುದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದ ಮೇಲೆ, ನಗರಸಭೆ ನೀರಿನ ಹಳೇ ಮೂಲ ಸ್ವರ್ಣಾ ನದಿಯ ಬಜೆ ಅಣೆಕಟ್ಟು, ಮಳೆ ತಡವಾದ ವರ್ಷ ಮೇ ತಿಂಗಳಲ್ಲಿ ಅಲ್ಲೂ ತಳ ಕಾಣ್ತದೆ. ಫ್ಲ್ಯಾಟನ್ನು ಡಿಸೆಂಬರಿನಲ್ಲಿ ನೋಡಿದ್ರೆ ಎಲ್ಲ ಸ್ವರ್ಗವೇ. ಮೇಯಲ್ಲಿ ಬಂದು ವಾಚ್‌ಮನ್ ಹತ್ರ ವಾರಕ್ಕೆ ಎಷ್ಟು ಟ್ಯಾಂಕರ್ ಅಂತ ಕೇಳಿ, ಜುಲೈಯಲ್ಲಿ ಬಂದು ಪಡುಬದಿ (ಪಶ್ಚಿಮದ) ಗೋಡೆಗೆ ಅಂಗೈ ಇಟ್ಟು ನೋಡಿ, ಹೊಸ ಪೈಂಟ್ ಇದ್ರೂ ತೇವ ಕೈಗೆ ಗೊತ್ತಾಗ್ತದೆ.

ನನ್ನನ್ನು ಕೇಳಿದ್ರೆ ಮಗಳು ಹಾಸ್ಟೆಲಿನಲ್ಲಿರ್ಲಿ, ಆಮೇಲೆ ಬೇಕಾದ್ರೆ ಈಶ್ವರನಗರದಲ್ಲೋ ವಿದ್ಯಾರತ್ನ ನಗರದಲ್ಲೋ ಬಾಡಿಗೆಗೆ ಇರ್ಲಿ. ನಾನು ಹೆದರುಪುಕ್ಕಲ ಅಂತ ನನ್ನ ಹೆಂಡತಿಯೂ ಹೇಳ್ತಾಳೆ, ಆದ್ರೂ ಇದೇ ನನ್ನ ಉತ್ತರ.

ಪ್ರಶ್ನೆ: ಓನರ್ ದುಬೈಯಲ್ಲಿದ್ದಾರೆ, ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ತಗೊಂಡ್ರೆ ಖರ್ಚು ಕಡಿಮೆಯಂತೆ?

ಜಿಪಿಎಯಿಂದ ಮಾಲೀಕತ್ವ ಬರುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿ ಆಯ್ತು. ಕ್ರಯಪತ್ರ ಇಲ್ಲದಿದ್ರೆ ಬೇಡ.

ಪ್ರಶ್ನೆ: ಮನೆ ತಗೊಂಡು ಸ್ಟೂಡೆಂಟ್ಸ್‌ಗೆ ಪಿಜಿ ಮಾಡಿ ಅಲ್ಲೇ ಸೆಟ್ಲ್ ಆಗಬಹುದಾ?

ನಗರಸಭೆಯ ಲೈಸೆನ್ಸ್ ಮೊದಲು. ಆಮೇಲೆ ರಜೆಯಲ್ಲಿ ಖಾಲಿ ರೂಮಿಗೂ ಅಡುಗೆಯವರ ಸಂಬಳಕ್ಕೂ ಕೈಯಲ್ಲಿ ದುಡ್ಡು ಉಂಟಾ ನೋಡಿ.

ಪ್ರಶ್ನೆ: ಬಾಗಿಲು ದಕ್ಷಿಣಕ್ಕಿದೆ, ದೋಷ ನಿವಾರಣೆಗೆ ಒಬ್ಬರು 60 ಸಾವಿರ ಕೇಳ್ತಿದ್ದಾರೆ.

ಆ 60 ಸಾವಿರದಲ್ಲಿ ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ.